ನಾನು ಅಳಿಸಿದ ಬುಕಿಂಗ್

ಮೇಷ್ಟ್ರೇ, ನಿಮ್ಮ ಹೆಸರಿನ ಬುಕಿಂಗ್ ಇತ್ತು. ಅದನ್ನು ಅಳಿಸಿದವಳು ನಾನು.

ನಂದಿಗೆ ಹೋಗುವ ರಸ್ತೆಯ ಆ ಹೋಟೆಲಿನಲ್ಲಿ ಕ್ಯಾಷ್ ಕೌಂಟರಿನ ಹಿಂದೆ ಕೂತಿದ್ದ ಹೆಂಗಸು ನಿಮಗೆ ನೆನಪಿರಲಿಕ್ಕಿಲ್ಲ. ನೆನಪಿರದಿರಲಿ ಎಂದೇ ಮೂರು ವರ್ಷ ಬೇಡಿಕೊಂಡಿದ್ದೇನೆ. ಶಿಡ್ಲಘಟ್ಟದ ಬಸ್ಸಿನಿಂದ ಬಿಳಿ ಶರಟಿನ ಹಿರಿಯರು ಯಾರಾದರೂ ಇಳಿದರೆ ಸಾಕು, ಇವತ್ತಿಗೂ ಚಿಲ್ಲರೆ ಎಣಿಸುವವಳಂತೆ ತಲೆ ತಗ್ಗಿಸುತ್ತೇನೆ—ನೀವೇ ಇರಬಹುದೇ ಎಂದು.

ಅಂದು ಚಂದ್ರಗ್ರಹಣ. ಗ್ರಹಣ ಹಿಡಿಯುವುದು ರಾತ್ರಿಯಾದರೂ ನಮ್ಮ ಹೋಟೆಲಿನ ಯಜಮಾನರು ಮಧ್ಯಾಹ್ನ ಹನ್ನೆರಡಕ್ಕೇ ಒಲೆ ಆರಿಸಲು ಹೇಳಿ, ಪಾತ್ರೆಗಳ ಮೇಲೆ ದರ್ಭೆ ಇಡಿಸುವವರು. "ಭಾನುವಾರ ಹನ್ನೆರಡಕ್ಕೆ ಕ್ಲೋಸ್ ಅಂತ ಕಂಪ್ಯೂಟರ್‌ನಲ್ಲಿ ಹಾಕ್ಬಿಡಮ್ಮ," ಎಂದು ಹಿಂದಿನ ವಾರವೇ ಹೇಳಿದ್ದರು. ಹಾಕಿದೆ. ಆದರೆ ಆ ಸಾಫ್ಟ್‌ವೇರಿನಲ್ಲಿ ಹೋಟೆಲ್ ತೆರೆದಿರುವ ಸಮಯ ಒಂದು ಪುಟದಲ್ಲಿ, ಟೇಬಲ್ ಬುಕಿಂಗಿನ ಸಮಯ ಇನ್ನೊಂದು ಪುಟದಲ್ಲಿ. ಒಂದನ್ನು ಬದಲಿಸಿದರೆ ಇನ್ನೊಂದು ತಾನಾಗಿ ಬದಲಾಗುವುದಿಲ್ಲ. ಎರಡನೆಯದನ್ನು ನಾನು ಮುಟ್ಟಲೇ ಇಲ್ಲ. ಗ್ರಹಣದ ದಿನ ಹೋಟೆಲಿಗೆ ಯಾರು ಬರುತ್ತಾರೆ ಎಂಬ ಉಡಾಫೆ—ಎಲ್ಲರ ಮನೆಯೂ ನಮ್ಮ ಮನೆಯಂತೆಯೇ ಎಂದುಕೊಂಡಿದ್ದೆ.

ಒಂದೂವರೆಗೆ ನೀವು ಬಂದಿರಿ. ನಿಮ್ಮ ನಿವೃತ್ತಿಯ ಊಟ. ಶಿಡ್ಲಘಟ್ಟದಿಂದ ಇಪ್ಪತ್ತೆರಡು ಜನ, ನಿಮ್ಮ ಹೆಗಲ ಮೇಲೆ ಹೊಸ ಶಾಲು, ಮೊಮ್ಮಗಳ ಕೈಯಲ್ಲಿ ಉಡುಗೊರೆಯಾಗಿ ಬಂದ ಬುದ್ಧನ ಪುಟ್ಟ ಮೂರ್ತಿ. "ನಾವು ಗ್ರಹಣ ಗಿಹಣ ನೋಡಲ್ಲಮ್ಮ. ಟೇಬಲ್ ಸಿಕ್ತು, ಬುಕ್ ಮಾಡಿದ್ವಿ," ಎಂದು ನಿಮ್ಮ ಮಗ ಮೊಬೈಲಿನಲ್ಲಿದ್ದ ಮೆಸೇಜು ತೋರಿಸಿದರು. ನನ್ನ ಕಂಪ್ಯೂಟರಿನಲ್ಲೂ ನಿಮ್ಮ ಹೆಸರು ಕಾಣುತ್ತಿತ್ತು. ಒಳಗಿನಿಂದ ಯಜಮಾನರ ಚಪ್ಪಲಿ ಸದ್ದು ಹತ್ತಿರವಾಗುತ್ತಿತ್ತು. ನನಗಿಂತ ಮೊದಲು ಆ ಕುರ್ಚಿಯಲ್ಲಿದ್ದವಳನ್ನು ಒಂದು ಬುಕಿಂಗ್ ತಪ್ಪಿದ್ದಕ್ಕೆ ಎಲ್ಲರೆದುರು ಬೈದು ಕಳಿಸಿದ್ದರು. ರದ್ದು ಎಂಬಲ್ಲಿ ಒತ್ತಿಬಿಟ್ಟೆ.

ಯಜಮಾನರು ಬಂದು ಬಗ್ಗಿ ನೋಡಿದರು. "ಏನಮ್ಮ, ಇವರದು ಇದೆಯಾ?"

"ಇವರ ಹೆಸರಲ್ಲಿ ಬುಕಿಂಗೇ ಇಲ್ಲ ಸಾರ್," ಎಂದೆ.

"ಮತ್ತೆ ನಾವೇನು ಸುಳ್ಳು ಹೇಳ್ತಿದೀವಾ?" ನಿಮ್ಮ ಮಗ ದನಿ ಏರಿಸಿದರು. ನೀವು ಅವರ ತೋಳು ಹಿಡಿದಿರಿ. ನನ್ನನ್ನೂ ಯಜಮಾನರನ್ನೂ ಒಮ್ಮೆ ನೋಡಿ, "ಬಾರಪ್ಪ, ಹೋಗಣ. ಇದೆಲ್ಲ ನಮ್ಗೆ ಹೊಸದಾ?" ಎಂದಿರಿ.

ಆ ಮಾತು ನನಗೆ ಆಗಲೇ ಅರ್ಥವಾಯಿತು. ನಿಮ್ಮ ಜಾತಿ ನೋಡಿ ವಾಪಸು ಕಳಿಸಿದರು ಎಂದುಕೊಂಡಿರಿ. ಅಲ್ಲ ಮೇಷ್ಟ್ರೇ, ತಪ್ಪು ನನ್ನದು—ಎನ್ನಲು ಬಾಯಿ ಬರಲಿಲ್ಲ. ಮೆಟ್ಟಿಲಿಳಿಯುತ್ತಾ ಮೊಮ್ಮಗಳು, "ಯಾಕ್ ತಾತ?" ಎಂದು ಕೇಳಿದಳು. ನೀವು ಅವಳಿಗೆ ಏನು ಹೇಳಿದಿರೋ... ನನಗೆ ಕೇಳಿಸಲಿಲ್ಲ.

ನಾಳೆ ಈ ಕಾಗದದ ಒಂದು ಪ್ರತಿಯನ್ನು ಯಜಮಾನರ ಕೈಗೆ ಕೊಡುತ್ತೇನೆ. ಇನ್ನೊಂದನ್ನು ನಿಮ್ಮ ಮನೆಗೆ ನಾನೇ ತರುತ್ತೇನೆ. ಆದರೆ ಇನ್ನೊಂದು ಮಾತು ಉಳಿದಿದೆ, ಅದಕ್ಕೇ ಹೆಚ್ಚು ಹೆದರಿಕೆ. ಭಯದಿಂದ ಮಾಡಿದೆ ಎಂದು ಇಷ್ಟು ದಿನ ನನಗೆ ನಾನೇ ಹೇಳಿಕೊಂಡೆ. ಯಜಮಾನರಿಗೆ ಹೆದರಿದೆ, ಸರಿ—ನಿಮಗೆ ಯಾಕೆ ಹೆದರಲಿಲ್ಲ? ನಮ್ಮ ಜನರ ಹಿರಿಯರೊಬ್ಬರು ಶಾಲು ಹೊದ್ದು ಅಲ್ಲಿ ನಿಂತಿದ್ದರೆ ರದ್ದು ಒತ್ತಲು ನನ್ನ ಬೆರಳು ಏಳುತ್ತಿತ್ತೇ? ಇವರು ಗಲಾಟೆ ಮಾಡದೆ ಹೊರಟುಹೋಗುತ್ತಾರೆ ಎಂದು, ಆ ಬುದ್ಧನ ಮೂರ್ತಿ ಕಂಡು ನಿಮ್ಮ ಜಾತಿ ಊಹಿಸಿದಾಗಲೇ ನನ್ನ ಮನಸ್ಸು ಲೆಕ್ಕ ಹಾಕಿತ್ತು. ಅಂದು ನೀವು ಅಂದುಕೊಂಡದ್ದು ತಪ್ಪಲ್ಲ, ಮೇಷ್ಟ್ರೇ.