ಸದ್ದು ಮಾಡಿದವರ ಮುಖ

ಪಲ್ಲಡದ ನೂಲಿನ ಮಿಲ್ಲಿನಲ್ಲಿ ಚೆನ್ನಿಮಲೈಗೆ ಎರಡು ಹೆಸರು. ಒಂದು ಅಪ್ಪ ಅಮ್ಮ ಇಟ್ಟದ್ದು. ಇನ್ನೊಂದು ಕೈಯಲ್ಲಿ ಹೇಳುವಂಥದ್ದು. ಕಿವಿಯ ಪಕ್ಕ ಎರಡು ಬೆರಳಿಟ್ಟು ತಿರುಪು ತಿರುಗಿಸಿದ ಹಾಗೆ ಮಾಡಿದರೆ ಚೆನ್ನಿಮಲೈ ಎಂದು ಅರ್ಥ. ಅವನು ಸದಾ ಕಿವಿಯ ಮೇಲೆ ಸ್ಕ್ರೂಡ್ರೈವರ್ ಸಿಕ್ಕಿಸಿಕೊಂಡು ಓಡಾಡುತ್ತಿದ್ದ.

ಆ ಹೆಸರಿಟ್ಟವನು ಮರುದಾಚಲಂ. ಹುಟ್ಟಿನಿಂದ ಕಿವಿ ಕೇಳದು, ಮಾತು ಬಾರದು. ಇಬ್ಬರೂ ಒಂದೇ ವರ್ಷ ಕೆಲಸಕ್ಕೆ ಸೇರಿದವರು. ಚೆನ್ನಿಮಲೈ ಎಂಟನೇ ಕ್ಲಾಸು ಮುಗಿಸಿ ಎಲೆಕ್ಟ್ರಿಷಿಯನ್ ಕೈಕೆಳಗೆ, ಮರುದಾಚಲಂ ನೂಲನ್ನು ಕೋನಿಗೆ ಸುತ್ತುವ ಕಡೆ. ಮಿಲ್ಲಿನ ಗದ್ದಲದಲ್ಲಿ ಕಿವಿ ಇದ್ದವರೂ ಕಿವುಡರೇ. ಅಲ್ಲಿ ಕೈಯಲ್ಲಿ ಮಾತಾಡುವವನೇ ಜಾಣ. ಒಂದೇ ಬುತ್ತಿಯ ಬೇಳೆ ಅನ್ನ ಹಂಚಿಕೊಂಡು ತಿನ್ನುತ್ತ ಚೆನ್ನಿಮಲೈ ಆ ಭಾಷೆ ಕಲಿತ.

ವರ್ಷಗಳು ಹೋದವು. ಕೋನ್ ವಿಭಾಗಕ್ಕೆ ಮರುದಾಚಲಂನಂಥವರು ಒಬ್ಬೊಬ್ಬರೇ ಬಂದು ಹದಿನಾಲ್ಕು ಜನ ಆದರು. ಚೆನ್ನಿಮಲೈ ಕೊಯಮತ್ತೂರಿನ ಹೆಡ್ಡಾಫೀಸಿಗೆ ಹೋದ. ಮೊದಲು ಗಂಟೆ, ಮೈಕು ನೋಡಿಕೊಂಡ. ಆಮೇಲೆ ಕ್ಯಾಮೆರಾ. ಆಮೇಲೆ ಮೀಟಿಂಗ್ ಕೋಣೆಯೇ ಅವನದಾಯಿತು. ವರ್ಷಕ್ಕೊಮ್ಮೆ ಎಲ್ಲ ಮಿಲ್ಲಿನವರೂ ಸೇರುವ ಸಭೆಯಲ್ಲಿ ಮರುದಾಚಲಂ ವೇದಿಕೆ ಹತ್ತಿ ಕೈಯಲ್ಲಿ ಹೇಳುತ್ತಿದ್ದ, ಚೆನ್ನಿಮಲೈ ಮೈಕಿನಲ್ಲಿ ಹೇಳುತ್ತಿದ್ದ. ಹದಿನಾಲ್ಕು ಜನರ ಬಾಯಿ ಅವನೇ.

ಕಂಪನಿಗೆ ಹತ್ತೊಂಬತ್ತು ಮಿಲ್ಲು, ಒಂಬತ್ತು ಸಾವಿರ ಜನ. ಎಲ್ಲರನ್ನೂ ಬಸ್ಸಿನಲ್ಲಿ ಕರೆಸುವುದು ಬೇಡ, ಇನ್ನು ಮೇಲೆ ಸಭೆ ಪರದೆಯ ಮೇಲೆ ಎಂದು ಮೊದಲಾಳಿ ಹೇಳಿದರು. ಕಂಪನಿಯ ಯಜಮಾನರನ್ನು ಎಲ್ಲರೂ ಕರೆಯುವುದು ಹಾಗೆಯೇ. ಮೂರು ಕಂಪನಿಯವರು ತಮ್ಮ ತಮ್ಮ ವಿಡಿಯೋ ಮೀಟಿಂಗನ್ನು ತಂದು ತೋರಿಸಿದರು. ಯಾವುದು ಒಳ್ಳೆಯದೆಂದು ನೋಡುವ ಕೆಲಸ ಚೆನ್ನಿಮಲೈಯ ಮೇಲಧಿಕಾರಿ ಜಗದೀಶನ್ ಸಾರ್‌ದು. ಕೂತು ನೋಡಿದವನು ಚೆನ್ನಿಮಲೈ.

ಮೂರು ವಾರ ನೋಡಿದ. ಲೈನು ಸೊರಗಿದಾಗ ಯಾವುದರ ದನಿ ಒಡೆಯುತ್ತದೆ, ಒಂದೇ ಸಲ ಎಷ್ಟು ಜನ ಕೂರಬಹುದು, ಆಡಿದ ಮಾತು ತಮಿಳಿನಲ್ಲಿ ಅಕ್ಷರವಾಗಿ ಕೆಳಗೆ ಬರುತ್ತದೋ ಇಲ್ಲವೋ. ಮೊದಲನೆಯದು ಲೈನು ಹೋದರೆ ಸತ್ತೇ ಹೋಗುತ್ತಿತ್ತು, ಅದನ್ನು ಬಿಟ್ಟರು. ಇನ್ನೊಂದು ನೋಡಲು ಒರಟು, ಆದರೆ ನಮಗೆ ಬೇಕಾದ ಮುಖವನ್ನು ಎಲ್ಲರ ಪರದೆಯಲ್ಲೂ ಮೊಳೆ ಹೊಡೆದ ಹಾಗೆ ನಿಲ್ಲಿಸಬಹುದಿತ್ತು. ಮೂರನೆಯದು ಬಹಳ ಚೆಂದ. ಯಾರು ಮಾತಾಡಿದರೂ ಅವರ ಮುಖ ತಾನೇ ದೊಡ್ಡದಾಗಿ ಬರುತ್ತಿತ್ತು. ಸುಮ್ಮನಿದ್ದವರ ಚೌಕ ಹಿಂದೆ ಹಿಂದೆ ಸರಿದು ಕೊನೆಯ ಪುಟಕ್ಕೆ ಹೋಗುತ್ತಿತ್ತು.

ಪಲ್ಲಡದ ಜೊತೆ ಪರೀಕ್ಷೆ ಮಾಡಿದ ದಿನ ಮರುದಾಚಲಂ ಕ್ಯಾಮೆರಾದ ಮುಂದೆ ಕೂತ. ಹತ್ತು ನಿಮಿಷ ಕೈ ಆಡಿಸಿದ. ಚೆಂದದ ಪರದೆ ಅವನನ್ನು ಒಂದು ಸಲವೂ ಮುಂದೆ ತರಲಿಲ್ಲ. ಪಕ್ಕದ ಮಿಲ್ಲಿನಲ್ಲಿ ಯಾರೋ ಕೆಮ್ಮಿದರು. ಕೆಮ್ಮಿದವನ ಮುಖ ಗೋಡೆಯಷ್ಟು ಬಂತು.

ಚೆನ್ನಿಮಲೈ ಅದನ್ನು ನೋಡಿದ.

ವರದಿಯ ಹಾಳೆಯ ಕೊನೆಯಲ್ಲಿ ಒಂದು ಖಾನೆ ಇತ್ತು. ಬೇರೆ ಏನಾದರೂ ಕೊರತೆ ಇದೆಯೇ ಎಂದು. ಅವನು ಪೆನ್ನು ಹಿಡಿದು ಕೂತದ್ದು ಕಂಡು ಜಗದೀಶನ್ ಸಾರ್ ಬಂದರು.

"ಏನ್ರೀ ಅದು, ಕಾದಂಬರಿ ಬರೀತಿದ್ದೀರಾ? ಮೊದಲಾಳಿಗೆ ಮೂರನೇದು ಹಿಡಿಸಿದೆ."

"ಇಲ್ಲ ಸಾರ್, ಇಲ್ಲೊಂದು ಸಣ್ಣ ವಿಷಯ..."

"ಬರೀರಿ, ಬೇಡ ಅನ್ನಲ್ಲ. ಆದ್ರೆ ಬರೆದ್ರೆ ಇದನ್ನ ಆರಿಸೋ ಕಮಿಟಿಯವರು ಕರೀತಾರೆ. ದೆಹಲಿಯವರು ಇಬ್ಬರಿದ್ದಾರೆ. ಎದ್ದು ನಿಂತು ಇಂಗ್ಲಿಷಲ್ಲಿ ವಿವರಿಸ್ಬೇಕಾಗತ್ತೆ. ವಿವರಿಸ್ತೀರಾ?"

ಕೋಣೆಯಲ್ಲಿದ್ದ ಇಂಜಿನಿಯರ್ ಹುಡುಗಿಯರು ನಕ್ಕರು. ಕೆಟ್ಟ ನಗುವೇನಲ್ಲ. ಚೆನ್ನಿಮಲೈಯೂ ನಕ್ಕ. ಖಾನೆಯಲ್ಲಿ "ಇಲ್ಲ" ಎಂದು ಬರೆದು ಸಹಿ ಹಾಕಿದ.

ಮೂರನೆಯದೇ ಬಂತು. ಮೊದಲ ದೊಡ್ಡ ಸಭೆಯಲ್ಲಿ ಮೊದಲಾಳಿ ಹೇಳಿದರು, "ಪಲ್ಲಡದ ಕೋನ್ ವಿಭಾಗ ಮುಚ್ತೀವಿ. ಯಾರಿಗೂ ಕೆಲಸ ಹೋಗಲ್ಲ. ಅಲ್ಲಿನ ಹದಿನಾಲ್ಕು ಜನಾನ ಬೇರೆ ಬೇರೆ ಮಿಲ್ಲಿಗೆ ಒಬ್ಬೊಬ್ಬರ ಹಾಗೆ ಹಾಕ್ತೀವಿ. ಆಕ್ಷೇಪಣೆ ಇದ್ದೋರು ಹೇಳಿ."

ಒಬ್ಬೊಬ್ಬರ ಹಾಗೆ. ಆ ಮಾತಿನ ಭಾರ ಅಲ್ಲಿದ್ದವರಲ್ಲಿ ಚೆನ್ನಿಮಲೈಯೊಬ್ಬನಿಗೇ ತಿಳಿಯಿತು. ದಿಂಡಿಗಲ್ಲಿಗೋ ರಾಜಪಾಳ್ಯಕ್ಕೋ ಒಬ್ಬನೇ ಹೋದವನು ಬೆಳಗಿನಿಂದ ಸಂಜೆಯ ತನಕ ಯಾರ ಜೊತೆ ಮಾತಾಡಬೇಕು?

ಅವನು ಪರದೆಯ ಪುಟ ತಿರುವಿದ. ಕೊನೆಯ ಪುಟದಲ್ಲಿ, ಬೆಂಕಿಪೊಟ್ಟಣದಷ್ಟು ಚೌಕದಲ್ಲಿ ಮರುದಾಚಲಂ ಇದ್ದ. ಕೆಳಗೆ ಬಂದ ಅಕ್ಷರ ಓದಿ ಎರಡೂ ಕೈ ಎತ್ತಿದ್ದ. ಆಮೇಲೆ ಹೇಳತೊಡಗಿದ. ನಮ್ಮನ್ನು ಬೇರೆ ಮಾಡಬೇಡಿ, ಬೇರೆ ಮಾಡಬೇಡಿ. ಮಿಲ್ಲಿನ ಸದ್ದು ಬರುತ್ತದೆಂದು ಪಲ್ಲಡದ ಮೈಕನ್ನು ಮುಚ್ಚಿದ್ದರು. ಮೇಜಿನ ಮೇಲೆ ಚೆನ್ನಿಮಲೈಯ ಮೈಕು ಇತ್ತು. ಒತ್ತಿದರೆ ಅವನ ದನಿ ಹತ್ತೊಂಬತ್ತು ಮಿಲ್ಲಿಗೂ ಕೇಳುತ್ತಿತ್ತು. ಮೊದಲಾಳಿಯ ಸಭೆ. ಅವನು ಒತ್ತಲಿಲ್ಲ.

"ಯಾರದೂ ಆಕ್ಷೇಪಣೆ ಇಲ್ಲ. ಮುಂದಿನ ಶನಿವಾರ ಆರ್ಡರ್ ಓದ್ತೀವಿ," ಎಂದರು ಮೊದಲಾಳಿ.

ಸೋಮವಾರ ಮರುದಾಚಲಂ ಬಸ್ಸು ಹಿಡಿದು ಹೆಡ್ಡಾಫೀಸಿನ ಗೇಟಿಗೆ ಬಂದ.

"ಸಭೆ ಮುಗಿಯೋ ತನಕ ನಲವತ್ತು ನಿಮಿಷ ಹೇಳಿದೆ," ಎಂದ ಕೈಯಲ್ಲಿ. "ಒಬ್ಬರೂ ತಿರುಗಿ ನೋಡಲಿಲ್ಲ. ನೀನಾದ್ರೂ ನೋಡಿದ್ಯಾ?"

ಚೆನ್ನಿಮಲೈ ಎರಡು ತೋರುಬೆರಳ ತುದಿ ಕೂಡಿಸಿ ಫಟ್ಟನೆ ಎಳೆದು ಬೇರೆ ಮಾಡಿದ. ಲೈನು ಕಡಿದುಹೋಗಿತ್ತು ಎಂದು ಅರ್ಥ.

ಬಾಯಲ್ಲಿ ಸುಳ್ಳು ಹೇಳುವುದು ಸುಲಭ. ಕೈಯ ಭಾಷೆಯಲ್ಲಿ ಮುಖವೂ ಮಾತಾಡಬೇಕು, ಕಣ್ಣೂ ಮಾತಾಡಬೇಕು. ಮರುದಾಚಲಂ ಅವನ ಬೆರಳು ನೋಡಲಿಲ್ಲ, ಮುಖ ನೋಡಿದ. ಬಸ್ ಸ್ಟ್ಯಾಂಡಿನ ಕಡೆ ನಡೆದ.

ಆ ವಾರ ಚೆನ್ನಿಮಲೈ ತಟ್ಟೆಯಲ್ಲಿ ಅನ್ನ ಬಿಟ್ಟು ಏಳುತ್ತಿದ್ದ. "ಸಾರು ಚೆನ್ನಾಗಿಲ್ವಾ?" ಎಂದಳು ಹೆಂಡತಿ ಪೂಂಗೋದೈ. "ಸಾರು ಚೆನ್ನಾಗೇ ಇದೆ. ನಾನು ಚೆನ್ನಾಗಿಲ್ಲ," ಎಂದ.

ಶನಿವಾರ ಮೀಟಿಂಗ್ ಕೋಣೆಯನ್ನು ಆ ಇಂಜಿನಿಯರ್ ಹುಡುಗಿಯರಿಗೆ ಒಪ್ಪಿಸಿ ಸ್ಕೂಟರಿನಲ್ಲಿ ಪಲ್ಲಡಕ್ಕೆ ಹೋದ. ಕ್ಯಾಮೆರಾದ ಮುಂದಿದ್ದ ಮರುದಾಚಲಂನ ಪಕ್ಕದಲ್ಲಿ ಕೂತ. ಪಲ್ಲಡದ ಮ್ಯಾನೇಜರು, "ಇಲ್ಲೇನು ಕೆಲಸ ನಿಮಗೆ?" ಎಂದರು. ಪರದೆಯಲ್ಲಿ ಜಗದೀಶನ್ ಸಾರ್ ಆರ್ಡರ್ ಓದಲು ಹಾಳೆ ಎತ್ತಿದ್ದರು. ಚೆನ್ನಿಮಲೈ ಮೈಕು ತೆರೆದು, ಕಿವಿಯ ಮೇಲಿನ ಸ್ಕ್ರೂಡ್ರೈವರ್ ತೆಗೆದು ಹಿಡಿಯಿಂದ ಕಬ್ಬಿಣದ ಮೇಜನ್ನು ಕುಟ್ಟಿದ.

ಹತ್ತೊಂಬತ್ತು ಮಿಲ್ಲಿನ ಗೋಡೆಗಳ ಮೇಲೂ ಮರುದಾಚಲಂ ಮುಖ ಬಂತು.

"ಯಾರ್ರೀ ಅದು ತಮಟೆ ಬಾರಿಸೋರು? ಪಲ್ಲಡದ ಮೈಕು ಮುಚ್ರೀ," ಎಂದರು ಜಗದೀಶನ್ ಸಾರ್.

"ಮುಚ್ಚಬೇಡಿ ಸಾರ್. ನಾನು ಚೆನ್ನಿಮಲೈ. ಸದ್ದು ನಿಂತ್ರೆ ಇವನು ಪರದೆಯಿಂದ ಹೋಗ್ತಾನೆ, ಅದಕ್ಕೇ ಮಾತಾಡ್ತೀನಿ." ಬಾಯಲ್ಲಿ ಹೇಳುತ್ತಲೇ ಕೈಯಲ್ಲೂ ಹೇಳಿದ. ಮರುದಾಚಲಂಗೆ ತಿಳಿಯದ ಹಾಗೆ ಹೇಳಿದರೆ ಅದು ಇನ್ನೊಂದು ಸುಳ್ಳಾಗುತ್ತಿತ್ತು. "ಮಾತು ಬಾರದವರು ಇದರಲ್ಲಿ ಕಾಣಲ್ಲ ಅಂತ ನಂಗೆ ಮೊದಲೇ ಗೊತ್ತಿತ್ತು. ಆದ್ರೂ ವರದಿ ಹಾಳೆ ಮೇಲೆ ಕೊರತೆ ಇಲ್ಲ ಅಂತ ಬರೆದೆ. ಹೋದ ಶನಿವಾರ ಇವನು ಕೈ ಎತ್ತಿದ್ದೂ ಕಂಡೆ. ಲೈನು ಕಡೀಲಿಲ್ಲ. ನಾನು ಸುಮ್ಮನಿದ್ದೆ."

ಮರುದಾಚಲಂ ಆ ಕೈಗಳನ್ನು ಕೊನೆಯವರೆಗೂ ನೋಡಿದ. ಆಮೇಲೆ ಪರದೆಗೆ ತಿರುಗಿ ತನ್ನ ಮಾತು ಶುರು ಮಾಡಿದ. ಚೆನ್ನಿಮಲೈ ದನಿ ಕೊಟ್ಟ. ಹದಿನಾಲ್ಕು ಜನರನ್ನು ಎಲ್ಲಿಗೆ ಬೇಕಾದರೂ ಕಳಿಸಿ, ಒಟ್ಟಿಗೆ ಕಳಿಸಿ.

"ಆ ವರದಿ ಹಾಳೆ ತನ್ನಿ," ಎಂದರು ಮೊದಲಾಳಿ. ಆರ್ಡರ್ ಓದಲಿಲ್ಲ. ತಿಂಗಳೊಳಗೆ ಹದಿನಾಲ್ಕು ಜನರೂ ಒಂದೇ ಬಸ್ಸಿನಲ್ಲಿ ಉಡುಮಲೈ ಮಿಲ್ಲಿಗೆ ಹೋದರು. ಚೆನ್ನಿಮಲೈಯನ್ನು ಮೀಟಿಂಗ್ ಕೋಣೆಯಿಂದ ತೆಗೆದು ಮತ್ತೆ ಗಂಟೆ, ಮೈಕಿಗೆ ಹಾಕಿದರು. ಅದು ಅವನಿಗೆ ಭಾರವೆನಿಸಲಿಲ್ಲ.

ಭಾರವೆನಿಸಿದ್ದು ಬೇರೆ. ಉಡುಮಲೈಗೆ ಮೊದಲ ಸಲ ಮೈಕು ರಿಪೇರಿಗೆ ಹೋದಾಗ ಮರುದಾಚಲಂ ಬುತ್ತಿ ಬಿಚ್ಚಿ ಪಕ್ಕದಲ್ಲಿ ಜಾಗ ತೋರಿಸಿದ. ಉಳಿದವರಿಗೆ ಇವನು ಬಂದನೆಂದು ಹೇಳಲು ಕೈ ಎತ್ತಿದ. ಕಿವಿಯ ಹತ್ತಿರ ಹೋಗಲಿಲ್ಲ ಆ ಕೈ. ಎರಡು ತೋರುಬೆರಳ ತುದಿ ಕೂಡಿಸಿ, ಫಟ್ಟನೆ ಎಳೆದು ಬೇರೆ ಮಾಡಿದ.

ಹದಿಮೂರು ಜನ ತಿರುಗಿ ನೋಡಿ, ಕಡಿದ ಲೈನು ಎಂಬ ಅದೇ ಹೊಸ ಹೆಸರಿನಿಂದ ಅವನನ್ನು ಕರೆದರು. ಚೆನ್ನಿಮಲೈ ಹೋಗಿ ಕೂತು ಊಟಕ್ಕೆ ಕೈ ಹಾಕಿದ.