ಸೂಜಿಗೆ ದಾರ ಪೋಣಸಾಕಿಗೆ ಚಸ್ಮಾ ಯಾಕ?

ಇವತ್ತ ಮುಂಜಾನೆ ನಾ ಕಲಸೂ ಮುದ್ದೇಬಿಹಾಳದ ಸಾಲ್ಯಾಗ ಒಂದ್ ಜಗಳಾ ಆತು ನೋಡ್ರೆಪಾ. ಕಣ್ಣು ತಪಾಸಣಿ ಮಾಡಿದವರು ಮೂರನೇ ಕ್ಲಾಸಿನ ರೇಣುಕಾಗ ದೂರಿಂದು ಕಾಣಂಗಿಲ್ಲ ಅಂತ ಚೀಟಿ ಕೊಟ್ಟಿದ್ರು. ಆಕಿ ಅಜ್ಜಿ ಆ ಚೀಟಿ ಹಿಡ್ಕೊಂಡು ಸಿಟ್ಟಿಲೆ ಬಂದ್ರು.

"ಏನ್ರಿ ಅಕ್ಕೋರ, ನಾ ಕೌದಿ ಹೊಲಿಯೂವಾಗ ಸೂಜಿಗೆ ದಾರ ಪೋಣಸಾಕಿನ ಇಕಿ. ಇಕಿಗೆ ಕಣ್ಣು ಕಾಣಂಗಿಲ್ಲೇನು?"

"ಸೂಜಿ ಹತ್ರ ಇರ್ತೈತ್ರಿ, ಬೋರ್ಡ್ ದೂರ ಇರ್ತೈತಿ," ಅಂದೆ. ಅಜ್ಜಿ ಒಪ್ಪಲಿಲ್ಲ.

ರೇಣುಕಾನ ಹೊರಗ ಕರದು ಗೇಟ್ ತೋರಿಸಿದೆ. "ಅಲ್ಲಿ ಬರಾಕತ್ತೋರು ಯಾರು ಹೇಳು."

"ಯಾರೋ ಹಸರ ಸೀರಿಯವರ್ರಿ."

ಬರಾಕತ್ತಿದ್ದಾಕಿ ಆಕಿ ಅವ್ವ. ಅಜ್ಜಿ ಚೀಟಿ ಮಡಚಿ ಸೆರಗಿನಾಗ ಕಟಗೊಂಡ್ರು. "ಇವತ್ತ ದವಾಖಾನಿಗೆ ಕರ್ಕೊಂಡು ಹೋಗ್ತೇನ್ರಿ," ಅಂದ್ರು. ಹೊಂಟೋರು ತಿರುಗಿ ನಿಂತು, "ಚಸ್ಮಾ ಹಾಕ್ಕೊಂಡ ಮ್ಯಾಲೂ ದಾರ ಪೋಣಸ್ತಾಳಲ್ರಿ?" ಅಂತ ಕೇಳಿದ್ರು.

"ಪೋಣಸ್ತಾಳ್ರಿ," ಅಂದೆ.

ಬೋರ್ಡ್ ಬಿಟ್ಟು ಮಗ್ಗಲದಾಕಿ ನೋಟಬುಕ್ ನೋಡಿ ಬರೀತಾಳ ಅಂತ ವರ್ಷಪೂರ್ತಿ ರೇಣುಕಾಗ ಬೈದಾಕಿ ನಾನ. ಅದನ್ನ ಮಾತ್ರ ಅಜ್ಜಿಗೆ ಹೇಳಲಿಲ್ಲ.