ಕಿವಿಗೆ ಹಿಡಿದು ಕೊಂಡ ಕ್ಯಾಮೆರಾ

ತೆಂಗಿನಕಾಯಿಯನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸುವವರು ನಿಜವಾಗಿ ಏನನ್ನು ಕೇಳಿಸಿಕೊಳ್ಳುತ್ತಾರೆ ಎಂಬುದು ನನಗೆ ಬಹುಕಾಲ ಒಗಟಾಗಿತ್ತು. ಯಶವಂತಪುರದ ಸ್ಟೇಷನ್ನಿನೆದುರು ಕಾಯಿ ರಾಶಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ಕಣ್ಣು ಅರೆಮುಚ್ಚಿ, ವಿದ್ವಾಂಸರು ಶ್ರುತಿ ಹಿಡಿಯುವ ಗಾಂಭೀರ್ಯದಲ್ಲಿ ಒಂದೊಂದನ್ನೇ ಪರೀಕ್ಷಿಸುವವರನ್ನು ಕಂಡು, ಇದು ಪ್ರಮಾಣವಿಲ್ಲದ ನಂಬಿಕೆ ಎಂದು ಮನಸ್ಸಿನಲ್ಲೇ ಷರಾ ಬರೆದು ಮುಂದೆ ಹೋಗುತ್ತಿದ್ದೆ. ಕಾಲೇಜಿನಲ್ಲಿ ತರ್ಕಶಾಸ್ತ್ರ ಹೇಳುವವನಿಗೆ ಅಷ್ಟಾದರೂ ಅಹಂಕಾರ ಬೇಡವೇ?

ಅದಕ್ಕೆ ಮೊದಲ ಪೆಟ್ಟು ಕೊಟ್ಟವಳು ಅಕ್ಕ. ತೀರಿಹೋದ ಅಪ್ಪ ನಡೆಯುವಾಗ ಕೈ ಬೀಸುತ್ತಿದ್ದರು ಎಂದು ಅವಳು. ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟುತ್ತಿದ್ದರು ಎಂದು ನಾನು. ಇಬ್ಬರೂ ಆಣೆ ಇಟ್ಟೆವು. ಉಳಿದಿದ್ದ ಒಂದೇ ಪಟದಲ್ಲಿ ಅಪ್ಪ ಕುರ್ಚಿಯ ಮೇಲೆ ಕೂತಿದ್ದರು. ಕೂತವರನ್ನು ನಡಿಗೆಯ ಬಗ್ಗೆ ಕೇಳುವುದು ಹೇಗೆ? ಕಣ್ಣಾರೆ ಕಂಡ ಅಪ್ಪನೇ ನನ್ನ ನೆನಪಿನಲ್ಲಿ ಖಾತ್ರಿಯಿಲ್ಲ ಎಂದಾದಾಗ, ನನಗೆ ಅವ್ವನ ಚಿಂತೆ ಹತ್ತಿತು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಯಾರ ಮೇಲೋ ದೂರು ಹೊತ್ತು ಹೊರಟವಳಂತೆ ಒಂದು ಭುಜ ಮುಂದು ಮಾಡಿ ನಡೆಯುವ ಅವ್ವನ ನಡಿಗೆಯೂ ಹೀಗೆಯೇ ಆಣೆಪ್ರಮಾಣಗಳ ಪಾಲಾಗಬಾರದು. ಅದಕ್ಕೊಂದು ಸಾಕ್ಷಿ ಬೇಕು. ಸಾಕ್ಷಿಗೆ ಸಿನಿಮಾ ತೆಗೆಯುವ ಕ್ಯಾಮೆರಾ ಬೇಕು.

ಆ ಕಾಲದಲ್ಲಿ ಅದು ಅಂಗಡಿಯಲ್ಲಿ ಸಿಕ್ಕುವ ಪದಾರ್ಥವಲ್ಲ. ಯಶವಂತಪುರದ ರೈಲ್ವೆ ಕ್ವಾರ್ಟರ್ಸಿನಲ್ಲಿದ್ದ ಗಾರ್ಡ್ ಸಾಹೇಬರು ಕೆಲಸ ಮುಗಿಸಿ ಆಸ್ಟ್ರೇಲಿಯದ ಮಗಳ ಮನೆಗೆ ಹೊರಟಿದ್ದರು. ತಮ್ಮ ಎರಡು ಕ್ಯಾಮೆರಾಗಳಲ್ಲಿ ಒಂದನ್ನು ಕೊಡುವುದಾಗಿ ಹೇಳಿ ಕಳಿಸಿದರು. ನಾನು ಲೈಬ್ರರಿಯ ಪುಸ್ತಕಗಳಿಂದ ಲೆನ್ಸುಗಳ ಗುಣದೋಷಗಳನ್ನು ನೋಟ್‌ಬುಕ್ಕಿನ ತುಂಬ ಇಳಿಸಿಕೊಂಡು ಯಲಹಂಕದಿಂದ ಹೊರಟೆ. ನನಗೆ ಯಾರಾದರೂ ಟೋಪಿ ಹಾಕುತ್ತಾರೆಂಬ ದೃಢ ವಿಶ್ವಾಸದಿಂದ ಅವ್ವನೂ ಬಸ್ ಹತ್ತಿದಳು.

ಜಗಲಿಯ ಮೇಜಿನ ಮೇಲೆ ಎರಡೂ ಇದ್ದವು. ಒಂದಕ್ಕೆ ದತ್ತಾತ್ರೇಯನಂತೆ ಮೂರು ಮುಖ, ಮೂರು ಲೆನ್ಸು. ನಾನು ಕಂಡೊಡನೆ ಶರಣಾದೆ. ಇನ್ನೊಂದು ಊಟದ ಡಬ್ಬಿಯಂಥ ಕರಿಯ ಪೆಟ್ಟಿಗೆ. ಎರಡೂ ಗಡಿಯಾರದಂತೆ ಕೀಲಿ ಕೊಟ್ಟರೆ ಓಡುವಂಥವು. ನಾನು ನೋಟ್‌ಬುಕ್ ತೆರೆಯುವಷ್ಟರಲ್ಲಿ ಅವ್ವ ದತ್ತಾತ್ರೇಯನನ್ನು ಎತ್ತಿ ಕಿವಿಗೆ ಹಿಡಿದು ಅಲ್ಲಾಡಿಸಿದಳು. ಅಷ್ಟರಲ್ಲಿ ಗೂಡ್ಸ್ ಗಾಡಿಯೊಂದು ಗಡಗಡಿಸಿತು. ಅವ್ವ ಸೆರಗು ಸಿಕ್ಕಿಸಿ, ಕ್ಯಾಮೆರಾ ಸಮೇತ ಅಂಗಳದ ಆ ತುದಿಗೆ ನಡೆದು, ಸದ್ದಿಲ್ಲದ ಮೂಲೆಯಲ್ಲಿ ಮತ್ತೆ ಅಲ್ಲಾಡಿಸಿ ಹಿಂತಿರುಗಿದಳು.

"ಇದು ಗಿಟುಕು ಕಣ್ಲಾ. ಒಳಗೆ ತಿರುಳು ಚಿಪ್ಪು ಬಿಟ್ಟು ಲೊಟಲೊಟ ಅಂತೈತೆ. ಆ ಕರೇದು ತಗೋ."

"ಅವ್ವಾ, ಇದೇನು ಕಾಯೇನವ್ವಾ?"

"ಕಾಯಲ್ದಿದ್ರೆ ಏನಂತೆ, ಒಳಗೆ ಗಟ್ಟಿ ಇರ್‌ಬೇಕೋ ಬ್ಯಾಡ್ವೋ?"

ಅಷ್ಟು ಹೊತ್ತೂ ಕರಿಯ ಪೆಟ್ಟಿಗೆಯನ್ನು ಕಣ್ಣಿಗಿಟ್ಟು ಗುರ್ರೆಂದು ಓಡಿಸಿ ತೋರಿಸುತ್ತಿದ್ದ ಸಾಹೇಬರು ನಕ್ಕರು. "ಅಮ್ಮ ಹೇಳಿದ್ದು ಕರೆಕ್ಟು ಸ್ವಾಮಿ. ಅದ್ರಲ್ಲಿ ಒಂದು ಸ್ಕ್ರೂ ಬಿಚ್ಚ್‌ಹೋಗಿದೆ, ನಾನೇ ಹೇಳೋಣಾಂತಿದ್ದೆ. ಇದನ್ನೇ ತಗೊಳ್ಳಿ, ಒಳಗಿರೋ ರೀಲೂ ನಿಮಗೇ." ಅವ್ವನ ಪರೀಕ್ಷೆ ಕಂಡು ನಾನು ಹೊಟ್ಟೆ ಹಿಡಿದು ನಕ್ಕಿದ್ದೆ ಎಂಬುದು ನನಗೆ ಸ್ಪಷ್ಟವಾಗಿ ನೆನಪಿದೆ. ಕಾಲೇಜಿನಲ್ಲಿ ಹಾಗೆಯೇ ಹೇಳಿಕೊಂಡು ತಿರುಗಿದೆ.

ಮಾರನೆಯ ಭಾನುವಾರ ಮನೆಯವರನ್ನೆಲ್ಲ ಹಿತ್ತಿಲಿಗೆ ಕರೆದೆ. ಕೀಲಿ ತಿರುಗಿದ್ದೇ ತಡ, ಎಲ್ಲರೂ ಗೋಡೆಗೆ ಸಾಲಾಗಿ, ಕೈ ಇಳಿಬಿಟ್ಟು, ಉಸಿರು ಕಟ್ಟಿ ಕಂಬವಾದರು. ನಡೆಯಿರಿ ಎಂದು ಕೂಗಿದೆ, ಅಂಗಲಾಚಿದೆ. ಅವ್ವ ತುಟಿ ಅಲ್ಲಾಡದಂತೆ ಹೇಳಿದಳು: "ಪಟ ತೆಗೆಯಾವಾಗ ಅಲ್ಲಾಡ್‌ಬಾರ್ದು ಅಂತ ಗೊತ್ತಿಲ್ವೇನ್ಲಾ? ಓದಿದೋನಂತೆ." ರೀಲು ಮುಗಿಯುವವರೆಗೆ ಅಲ್ಲಾಡಿದ್ದು ಒಂದು ಕೋಳಿ ಮಾತ್ರ.

ಬೊಂಬಾಯಿಗೆ ತೊಳೆಯಲು ಹೋದ ರೀಲು ತಿಂಗಳ ಮೇಲೆ ಬಂತು. ಇನ್ನೂ ಹೊರಡದಿದ್ದ ಸಾಹೇಬರೇ ತಮ್ಮ ಪ್ರೊಜೆಕ್ಟರ್ ತಂದು, ನಡುಮನೆಯಲ್ಲಿ ಕಟ್ಟಿದ ನನ್ನ ಪಂಚೆಯ ಮೇಲೆ ಬೆಳಕು ಬಿಟ್ಟರು. ಕಂಬಗಳನ್ನು ನೋಡಲು ಮನಸ್ಸಿಲ್ಲದೆ ನಾನು ತಲೆ ತಗ್ಗಿಸಿದ್ದೆ. ಅಕ್ಕ ನನ್ನ ಭುಜ ಹಿಡಿದು ಕುಲುಕಿದಳು. ಪಂಚೆಯ ಮೇಲೆ ಯಶವಂತಪುರದ ಅಂಗಳ. ಅಲ್ಲಿ ಅವ್ವ ಸೆರಗು ಸಿಕ್ಕಿಸಿ, ಭುಜ ಮುಂದು ಮಾಡಿ, ದತ್ತಾತ್ರೇಯನನ್ನು ಎತ್ತಿಕೊಂಡು ನಡೆಯುತ್ತಿದ್ದಳು. ತಲೆ ವಾಲಿಸಿ ಅಲ್ಲಾಡಿಸಿದಳು, ತಿರುಗಿದಳು, ಬಾಯಿ ತೆರೆದು ಗಿಟುಕು ಎಂದಳು. ಹತ್ತೋ ಹನ್ನೆರಡೋ ಸೆಕೆಂಡು. ಸಾಹೇಬರು ಬರಿದೇ ಓಡಿಸಿ ತೋರಿಸುತ್ತಿದ್ದಾರೆಂದು ನಾನು ತಿಳಿದಿದ್ದೆ. ಅವರು ನನಗೆ ಬೇಕಾದದ್ದನ್ನೆಲ್ಲ ತೆಗೆದು, ಪೆಟ್ಟಿಗೆಯೊಳಗಿಟ್ಟೇ ಕೊಟ್ಟಿದ್ದರು.

ಪಂಚೆಯ ಬಲಗಡೆ ಇನ್ನೊಬ್ಬನಿದ್ದ. ನೋಟ್‌ಬುಕ್ಕನ್ನು ಎದೆಗವಚಿ, ಗಲ್ಲ ಎತ್ತಿ, ರೆಪ್ಪೆ ಹೊಡೆಯದೆ ನೆಟ್ಟಗೆ ನಿಂತಿದ್ದ. ನಗುತ್ತಿರಲಿಲ್ಲ. ಹೊಟ್ಟೆಯನ್ನಂತೂ ಹಿಡಿದಿರಲಿಲ್ಲ.

ಅವ್ವ ತನ್ನನ್ನು ತಾನು ನೋಡಿ ಮುಖ ಸಿಂಡರಿಸಿದಳು. "ಇಂಗಾ ನಾನು ನಡೆಯೋದು? ಥೂ, ಮರ್ವಾದೆ ಇಲ್ದೋಳಂಗೆ." ಆಮೇಲೆ ಪಂಚೆಯ ಮೇಲಿನ ನನ್ನ ಕಡೆ ಬೆರಳು ತೋರಿಸಿ ಸಾಹೇಬರಿಗೆ ಹೆಮ್ಮೆಯಿಂದ ಹೇಳಿದಳು: "ನೋಡಿ ಸ್ವಾಮಿ, ನನ್ ಮಗ ಒಬ್ನೇ ಪಟಕ್ಕೆ ಸರ್ಯಾಗಿ ನಿಂತವ್ನೆ."

ಈಗ ಅವ್ವ ಇಲ್ಲ. ಅವಳ ನಡಿಗೆಯ ಬಗ್ಗೆ ಅಕ್ಕನಿಗೂ ನನಗೂ ಜಗಳವಿಲ್ಲ. ಯಶವಂತಪುರದಲ್ಲಿ ಇಳಿದಾಗಲೆಲ್ಲ ನಾನೂ ರಾಶಿಯ ಮುಂದೆ ಕೂತು ಕಾಯಿಯೊಂದನ್ನು ಎತ್ತಿ ಕಿವಿಗೆ ಹಿಡಿಯುತ್ತೇನೆ. ಗೂಡ್ಸ್ ಗಾಡಿ ಬಂದರೆ ಎದ್ದು ನಾಲ್ಕು ಹೆಜ್ಜೆ ಆಚೆಗೂ ಹೋಗುತ್ತೇನೆ. ಮೊನ್ನೆ ಹಾಗೆ ನಿಂತವನನ್ನು ಕಾಯಿ ಮಾರುವವಳು ಸ್ವಲ್ಪ ಹೊತ್ತು ನೋಡಿ, ಕನಿಕರದಿಂದ ಹೇಳಿದಳು:

"ಅಲ್ಲಾಡ್ಸಿ ಸ್ವಾಮಿ. ಸುಮ್ಕೆ ಹಿಡ್ಕಂಡು ನಿಂತ್ರೆ ಏನ್ ಕೇಳ್ತದೆ?"